ಅಡ್ಡ ಬರುವ ಕೀಲಿಗಳು: ಕನ್ನಡ ಬೆರಳಚ್ಚು ಕಲಿಯುವವರಿಗೆ ಟಿಪ್ಪಣಿ

ಕೀಲಿಮಣೆಯ ಒಂದು ಕೀಲಿಯನ್ನು ಒತ್ತಿದಾಗ ಕಂಪ್ಯೂಟರಿಗೆ ತಲುಪುವುದು ಅಕ್ಷರವಲ್ಲ, ಯಾವ ಕೀಲಿ ಒತ್ತಲಾಯಿತು ಎಂಬುದನ್ನು ತಿಳಿಸುವ ಒಂದು ಸಂಖ್ಯೆ; ಇದನ್ನು ಸ್ಕ್ಯಾನ್ ಕೋಡ್ ಎನ್ನುತ್ತಾರೆ. ಆ ಸಂಖ್ಯೆಗೆ ಯಾವ ಅಕ್ಷರ, ಯಾವ ಕೆಲಸ ಎಂದು ಗೊತ್ತುಮಾಡುವುದು ವಿಂಡೋಸ್, ಲಿನಕ್ಸ್‌ನಂತಹ ಕಾರ್ಯಾಚರಣಾ ವ್ಯವಸ್ಥೆ. ಆದ್ದರಿಂದ ಅಡ್ಡ ಬರುವ ಕೀಲಿಯನ್ನು ಕಿತ್ತುಹಾಕಬೇಕಿಲ್ಲ; ಬಹುಪಾಲು ಅದರ ಸಂಖ್ಯೆಗೆ ಬೇರೆ ಕೆಲಸ ಕೊಟ್ಟರೆ ಸಾಕು.

ಅಡ್ಡ ಬರುವವುಗಳಲ್ಲಿ ಮೊದಲನೆಯದು ಕ್ಯಾಪ್ಸ್ ಲಾಕ್. 1981ರ ಐಬಿಎಂ ಪಿಸಿಯಲ್ಲಿ ‘ಎ’ ಕೀಲಿಯ ಎಡಕ್ಕೆ ಕಂಟ್ರೋಲ್ ಇತ್ತು. ಮುಂದೆ 101 ಕೀಲಿಗಳ ಮಣೆ ಬಂದಾಗ ಕಂಟ್ರೋಲ್ ಕೆಳಗಿನ ಮೂಲೆಗೆ ಇಳಿದು, ಆ ಒಳ್ಳೆಯ ಜಾಗ ಕ್ಯಾಪ್ಸ್ ಲಾಕ್‌ನ ಪಾಲಾಯಿತು. ಇಂಗ್ಲಿಷ್ ಬರೆಯುವಾಗ ಅದು ಅರಿಯದೆ ಒತ್ತಿಹೋದರೆ ದೊಡ್ಡಕ್ಷರಗಳು ಕಣ್ಣಿಗೆ ಬೀಳುತ್ತವೆ. ಕನ್ನಡದಲ್ಲಿ ತೊಂದರೆ ಇದಕ್ಕಿಂತ ಆಳವಾದದ್ದು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ತಂತ್ರಾಂಶದ ಮೂಲಕ ನಮಗೆಲ್ಲ ಪರಿಚಿತವಾದ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸದಲ್ಲಿ ಶಿಫ್ಟ್ ಒತ್ತಿದರೆ ಗಕಾರ ಘಕಾರವಾಗುತ್ತದೆ, ನಕಾರ ಣಕಾರವಾಗುತ್ತದೆ. ಕ್ಯಾಪ್ಸ್ ಲಾಕನ್ನೂ ಶಿಫ್ಟ್‌ನಂತೆ ಪರಿಗಣಿಸುವ ತಂತ್ರಾಂಶದಲ್ಲಿ ಅದು ಚಾಲೂ ಇದ್ದರೆ, ‘ಗಣ’ ಎಂದು ಒತ್ತಿದ್ದು ‘ಘನ’ ಎಂದು ಮೂಡುತ್ತದೆ. ಎರಡೂ ಸರಿಯಾದ ಪದಗಳೇ ಆದ ಕಾರಣ ಕಾಗುಣಿತ ಪರೀಕ್ಷಕವೂ ಇದನ್ನು ಹಿಡಿಯಲಾರದು.

ಪರಿಹಾರಗಳಲ್ಲಿ ವ್ಯತ್ಯಾಸವಿದೆ. ವಿಂಡೋಸ್‌ಗಾಗಿ ಮೈಕ್ರೋಸಾಫ್ಟ್ ಕೊಡುವ ಪವರ್‌ಟಾಯ್ಸ್ ಎಂಬ ಉಪಕರಣಗಳ ಗೊಂಚಲಿನಲ್ಲಿರುವ ಕೀಬೋರ್ಡ್ ಮ್ಯಾನೇಜರ್ ಸುಲಭವಾದದ್ದು, ಆದರೆ ಆ ತಂತ್ರಾಂಶ ನಡೆಯುತ್ತಿರುವಾಗ ಮಾತ್ರ ಅದು ಕೆಲಸ ಮಾಡುತ್ತದೆ. ಪಾಸ್‌ವರ್ಡ್ ಕೇಳುವ ಪರದೆಯಲ್ಲಿ ಕ್ಯಾಪ್ಸ್ ಲಾಕ್ ಹಳೆಯ ಕ್ಯಾಪ್ಸ್ ಲಾಕೇ ಆಗಿರುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ‘ಸ್ಕ್ಯಾನ್‌ಕೋಡ್ ಮ್ಯಾಪ್’ (ಯಾವ ಕೀಲಿಯ ಸಂಖ್ಯೆಗೆ ಯಾವ ಕೆಲಸ ಎಂಬ ಪಟ್ಟಿ) ಬರೆದರೆ ಅಲ್ಲಿಯೂ ಅನ್ವಯಿಸುತ್ತದೆ. ಆದರೆ ಅದಕ್ಕೆ ಆಡಳಿತಗಾರರ ಅನುಮತಿ ಬೇಕು, ಯಂತ್ರವನ್ನು ಮರಳಿ ಆರಂಭಿಸಬೇಕು, ಮತ್ತು ಬದಲಾವಣೆ ಆ ಯಂತ್ರದ ಎಲ್ಲ ಬಳಕೆದಾರರಿಗೂ ತಟ್ಟುತ್ತದೆ. ಹಾಗಾಗಿ ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನು ಮಾಡಕೂಡದು. ಲಿನಕ್ಸ್‌ನ ಹಲವು ಡೆಸ್ಕ್‌ಟಾಪ್‌ಗಳಲ್ಲಿ, ಹಾಗೆಯೇ ಮ್ಯಾಕ್‌ನಲ್ಲಿ, ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲೇ ಈ ಆಯ್ಕೆ ಸಿಗುತ್ತದೆ.

ಪ್ರೋಗ್ರಾಮ್ ಬರೆಯುವವರು ಈ ಕೀಲಿಯನ್ನು ಕಂಟ್ರೋಲ್ ಆಗಿಸಿಕೊಳ್ಳುವುದು ಹಳೆಯ ರೂಢಿ. ಬೆರಳಚ್ಚು ಪರೀಕ್ಷೆಗೆ ಕೂರುವ ನಮಗೆ ಅದನ್ನು ಸುಮ್ಮನೆ ನಿಷ್ಕ್ರಿಯಗೊಳಿಸುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಪರೀಕ್ಷಾ ಕೇಂದ್ರದ ಯಂತ್ರದಲ್ಲಿ ನಮ್ಮ ಸೆಟ್ಟಿಂಗ್ ಇರುವುದಿಲ್ಲ, ಅಲ್ಲಿ ಬೆರಳು ಕಂಟ್ರೋಲ್ ಹುಡುಕುತ್ತಾ ಕ್ಯಾಪ್ಸ್ ಲಾಕ್ ಒತ್ತಿದರೆ ಇಡೀ ಸಾಲು ಹಾಳಾಗುತ್ತದೆ.

ಲ್ಯಾಪ್‌ಟಾಪ್‌ಗಳಲ್ಲಿರುವ ಎಫ್‌ಎನ್ (Fn) ಕೀಲಿಯ ವಿಷಯ ಬೇರೆ. ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಒಳಗಿನ ನಿಯಂತ್ರಕವೇ ಅದನ್ನು ನಿಭಾಯಿಸುವುದರಿಂದ ಅದರ ಸುದ್ದಿ ಕಾರ್ಯಾಚರಣಾ ವ್ಯವಸ್ಥೆಯವರೆಗೆ ಬರುವುದಿಲ್ಲ, ಮೇಲಿನ ಉಪಾಯಗಳು ಅದಕ್ಕೆ ತಾಗುವುದಿಲ್ಲ. ಥಿಂಕ್‌ಪ್ಯಾಡ್‌ನಂತಹ ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ (ಯಂತ್ರ ಆರಂಭವಾಗುವಾಗ ಮೊದಲು ನಡೆಯುವ ಒಳತಂತ್ರಾಂಶದಲ್ಲಿ) ಎಫ್‌ಎನ್ ಮತ್ತು ಕಂಟ್ರೋಲ್‌ಗಳನ್ನು ಅದಲುಬದಲು ಮಾಡುವ ಆಯ್ಕೆ ಇದೆ. ಡಿಲೀಟ್ ಪಕ್ಕದಲ್ಲೇ ಪವರ್ ಗುಂಡಿ ಇರುವ ಮಾದರಿಗಳಲ್ಲಿ, ವಿಂಡೋಸ್‌ನ ಪವರ್ ಆಯ್ಕೆಗಳಿಗೆ ಹೋಗಿ, ಆ ಗುಂಡಿ ಒತ್ತಿದರೆ ಏನೂ ಆಗದಂತೆ ಇಡಬಹುದು.

ಬೆಂಗಳೂರಿನ ಕಂಪ್ಯೂಟರ್ ಸಾಮಗ್ರಿಗಳ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಲ್ಲಿ ಕೀಲಿಮಣೆಯನ್ನೋ ಬಳಸಿದ ಲ್ಯಾಪ್‌ಟಾಪನ್ನೋ ಕೊಳ್ಳುವವರು ಎಡ ಶಿಫ್ಟ್‌ನ ಉದ್ದವನ್ನು ನೋಡಬೇಕು. ಬ್ರಿಟಿಷ್ ವಿನ್ಯಾಸದಲ್ಲಿ ಅದು ಗಿಡ್ಡವಾಗಿದ್ದು, ಪಕ್ಕದಲ್ಲಿ ಇನ್ನೊಂದು ಕೀಲಿ ಇರುತ್ತದೆ. ಮಹಾಪ್ರಾಣಕ್ಕೂ ದೀರ್ಘಕ್ಕೂ ಶಿಫ್ಟನ್ನೇ ನೆಚ್ಚಿರುವ ಕಗಪ ಬಳಕೆದಾರರ ಕಿರುಬೆರಳಿಗೆ ಉದ್ದನೆಯ ಶಿಫ್ಟ್ ಇರುವ ಮಣೆಯೇ ಹಿತ.