‘ಆಟ್’ ಎಲ್ಲಿ ಉದುರಿತು? ಪ್ರೆಪೊಸಿಷನ್ ಅಂಟಿದ ಕ್ರಿಯಾಪದಗಳು ಪ್ಯಾಸಿವ್‌ನಲ್ಲಿ, ‘ಇಫ್’ ವಾಕ್ಯದಲ್ಲಿ

ಮೊದಲು ತಪ್ಪು ಉತ್ತರವನ್ನೇ ನೋಡಿಬಿಡೋಣ. ‘ಎವ್ರಿವನ್ ಲಾಫ್ಡ್ ಆಟ್ ಹಿಮ್’ ವಾಕ್ಯವನ್ನು ಪ್ಯಾಸಿವ್ (ಕರ್ಮಣಿ ಪ್ರಯೋಗ) ಮಾಡಿ ಅಂದರೆ ಕೈ ತಾನಾಗಿ ಬರೆಯುವುದು ‘ಹಿ ವಾಸ್ ಲಾಫ್ಡ್ ಬೈ ಎವ್ರಿವನ್’. ಬೇಕಾದದ್ದು ‘ಹಿ ವಾಸ್ ಲಾಫ್ಡ್ ಆಟ್ ಬೈ ಎವ್ರಿವನ್’. ‘ಆಟ್’, ‘ಬೈ’ ಅಕ್ಕಪಕ್ಕ ಕೂತರೆ ಏನೋ ಎಡವಟ್ಟಾದಂತೆ ಕಾಣುತ್ತದೆ, ಒಂದನ್ನು ಹೊಡೆದುಹಾಕುತ್ತೇವೆ. ಹೊಡೆಯುವುದು ಪ್ರತಿಸಲ ‘ಆಟ್’ ಅನ್ನೇ. ‘ಬೈ’ ಪ್ಯಾಸಿವ್‌ನ ಗುರುತು ಎಂದು ಶಾಲೆಯಿಂದ ಬಾಯಿಪಾಠವಾಗಿರುತ್ತದಲ್ಲ! ನಿಜದಲ್ಲಿ ‘ಬೈ ಎವ್ರಿವನ್’ ಬಿಟ್ಟರೂ ವಾಕ್ಯ ನಿಲ್ಲುತ್ತದೆ, ‘ಆಟ್’ ಬಿಟ್ಟರೆ ನಿಲ್ಲುವುದಿಲ್ಲ.

ಕನ್ನಡದವರು ಇಲ್ಲೇ ಯಾಕೆ ಜಾರುತ್ತೇವೆ

ನಮ್ಮಲ್ಲಿ ವಿಭಕ್ತಿ ಪ್ರತ್ಯಯ ನಾಮಪದಕ್ಕೆ ಅಂಟಿರುತ್ತದೆ. ‘ಡಾಕ್ಟರಿಗೆ ಹೇಳಿಕಳಿಸಿದರು’ ಅನ್ನುವಾಗ ಆ ‘-ಇಗೆ’ ಡಾಕ್ಟರರ ಸ್ವತ್ತು. ಡಾಕ್ಟರನ್ನು ವಾಕ್ಯದ ಮುಂದಕ್ಕೆ ತಂದು ಕರ್ತೃವಿನ ಜಾಗದಲ್ಲಿ ಕೂರಿಸಿದರೆ ಪ್ರತ್ಯಯ ಕಳಚಿಹೋಗುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ. ಅದೇ ಅಭ್ಯಾಸದಲ್ಲಿ ‘ಸೆಂಡ್ ಫಾರ್ ದಿ ಡಾಕ್ಟರ್’ನ ‘ಫಾರ್’ ಕೂಡ ಕಳಚಿತು ಅಂದುಕೊಳ್ಳುತ್ತೇವೆ.

ಇಂಗ್ಲಿಷಿನಲ್ಲಿ ‘ಸೆಂಡ್ ಫಾರ್’ ಸೇರಿ ಒಂದೇ ಕ್ರಿಯಾಪದ, ಅರ್ಥ ‘ಕರೆಸು’. ಬರೀ ‘ಸೆಂಡ್’ ಅಂದರೆ ‘ಕಳಿಸು’. ಈಗ ಈ ಎರಡನ್ನು ಪಕ್ಕಪಕ್ಕ ಇಡಿ:

‘ದಿ ಡಾಕ್ಟರ್ ವಾಸ್ ಸೆಂಟ್’: ಡಾಕ್ಟರನ್ನು ಎಲ್ಲಿಗೋ ಕಳಿಸಿದರು.
‘ದಿ ಡಾಕ್ಟರ್ ವಾಸ್ ಸೆಂಟ್ ಫಾರ್’: ಡಾಕ್ಟರನ್ನು ಕರೆಸಿದರು.

ಒಂದು ‘ಫಾರ್’ ಹೋದದ್ದಕ್ಕೆ ಬರಬೇಕಾದ ಡಾಕ್ಟರ್ ಹೊರಟೇಹೋದರು. ಹಾಗಾಗಿ ಇಂಥ ಪ್ರೆಪೊಸಿಷನ್ನನ್ನು ಪ್ರತ್ಯಯ ಅಂದುಕೊಳ್ಳಬೇಡಿ, ಕ್ರಿಯಾಪದದ ಬಾಲ ಅಂದುಕೊಳ್ಳಿ. ನಾಮಪದ ಎಲ್ಲಿಗಾದರೂ ಹೋಗಲಿ, ಬಾಲ ಕ್ರಿಯಾಪದದ ಹಿಂದೆಯೇ. ದಸರಾ ಆನೆಗಳ ಬಗ್ಗೆ ಬರೆಯುವುದಾದರೆ ‘ದಿ ಎಲಿಫೆಂಟ್ಸ್ ಆರ್ ಲುಕ್ಡ್ ಆಫ್ಟರ್ ಬೈ ಮಹೌಟ್ಸ್’. ಗದ್ದಲ ತಾಳಲಾಗಲಿಲ್ಲ ಅಂದರೆ ‘ದಿ ನಾಯ್ಸ್ ಕುಡ್ ನಾಟ್ ಬಿ ಪುಟ್ ಅಪ್ ವಿತ್’. ಇಲ್ಲಿ ಬಾಲಕ್ಕೆ ಎರಡು ಗೆಣ್ಣು, ಎರಡೂ ಉಳಿಯಬೇಕು.

ವಾಕ್ಯದ ಕೊನೆಯಲ್ಲಿ ಪ್ರೆಪೊಸಿಷನ್ ಇರಬಾರದು ಎಂಬ ಮಾತನ್ನೂ ಕೇಳಿರುತ್ತೀರಿ. 1672ರಲ್ಲಿ ಕವಿ ಡ್ರೈಡನ್ ಎತ್ತಿದ ಆಕ್ಷೇಪ ಅದು. ಪ್ಯಾಸಿವ್‌ನಲ್ಲಿ ಅದನ್ನು ಪಾಲಿಸಲು ದಾರಿಯೇ ಇಲ್ಲ: ‘ಆಟ್ ಹಿ ವಾಸ್ ಲಾಫ್ಡ್’ ಇಂಗ್ಲಿಷೇ ಅಲ್ಲ. ಓದುವಾಗಲೂ ಹೀಗೆ ಕೊನೆಯಲ್ಲಿ ಉಳಿದ ‘ಫಾರ್’, ‘ಆಟ್’, ‘ಟು’ಗಳನ್ನು ನುಂಗಬೇಡಿ, ಪೂರ್ತಿ ಸ್ವರ ಕೊಟ್ಟು ಹೇಳಿ. ಬಾಯಲ್ಲಿ ಉಳಿದದ್ದು ಬರಹದಲ್ಲೂ ಉಳಿಯುತ್ತದೆ.

‘ಹಿಮ್’ ಪರೀಕ್ಷೆ

ಬರೆದ ಪ್ಯಾಸಿವ್ ಸರಿಯೇ ಅಂತ ನೋಡಲು ಇದಕ್ಕಿಂತ ಬೇಗದ ಉಪಾಯ ಇಲ್ಲ. ‘ಬೈ’ಯಿಂದ ಆಚೆಗಿನದನ್ನು ಬೆರಳಿಂದ ಮುಚ್ಚಿ. ಉಳಿದ ಕ್ರಿಯಾಪದದ ಮುಂದೆ ‘ದೇ’, ಹಿಂದೆ ‘ಹಿಮ್’ ಅಥವಾ ‘ಇಟ್’ ಇಟ್ಟು ಓದಿ. ‘ಹಿ ವಾಸ್ ಲಾಫ್ಡ್’ ಎಂಬುದು ‘ದೇ ಲಾಫ್ಡ್ ಹಿಮ್’ ಆಯಿತು. ಕಿವಿಗೆ ಒರಟು, ಬಾಲ ಬಿದ್ದಿದೆ. ‘ದೇ ಲಾಫ್ಡ್ ಆಟ್ ಹಿಮ್’, ಸರಿ.

ಈ ಪರೀಕ್ಷೆ ಒಂದು ಕಡೆ ಕೈಕೊಡುತ್ತದೆ. ‘ವಿಷಯದ ಬಗ್ಗೆ ಚರ್ಚಿಸು’ ಅನ್ನುವ ನಮ್ಮ ಕಿವಿಗೆ ‘ದೇ ಡಿಸ್ಕಸ್ಡ್ ಅಬೌಟ್ ಇಟ್’ ಚೆನ್ನಾಗೇ ಕೇಳಿಸುತ್ತದೆ. ಆದರೆ ‘ಡಿಸ್ಕಸ್’ಗೆ ಬಾಲ ಇಲ್ಲ. ‘ದಿ ಮ್ಯಾಟರ್ ವಾಸ್ ಡಿಸ್ಕಸ್ಡ್’, ಅಷ್ಟೇ. ಕ್ರಿಯಾಪದವಾಗಿ ಬಂದಾಗ ‘ರಿಕ್ವೆಸ್ಟ್’, ‘ಆರ್ಡರ್’, ‘ಎಂಫಸೈಸ್’ ಕೂಡ ಬೋಳು. ಈ ನಾಲ್ಕನ್ನು ಉರುಹೊಡೆಯುವುದೇ ಗತಿ.

ಪ್ಯಾಸಿವ್ ಆಗದವು

‘ಬಿಲಾಂಗ್ ಟು’, ‘ಕನ್ಸಿಸ್ಟ್ ಆಫ್’ ಆಗುವುದಿಲ್ಲ. ಸ್ಥಳ ಸೂಚಿಸುವಾಗ ಸಾಮಾನ್ಯವಾಗಿ ಆಗದ್ದು, ಭಾವಾರ್ಥದಲ್ಲಿ ಆಗುತ್ತದೆ: ‘ದಿ ಸ್ಟೇಷನ್ ವಾಸ್ ಅರೈವ್ಡ್ ಆಟ್’ ತಪ್ಪು, ‘ಎ ಡಿಸಿಷನ್ ವಾಸ್ ಅರೈವ್ಡ್ ಆಟ್’ ಸರಿ. ‘ಅಕ್ಯೂಸ್ ಹಿಮ್ ಆಫ್ ಥೆಫ್ಟ್’ ಥರದವುಗಳಲ್ಲಿ ಮುಂದಕ್ಕೆ ಬರುವುದು ಮನುಷ್ಯ, ಕಳ್ಳತನ ಅಲ್ಲ: ‘ಹಿ ವಾಸ್ ಅಕ್ಯೂಸ್ಡ್ ಆಫ್ ಥೆಫ್ಟ್’. ‘ಟೇಕ್ ಕೇರ್ ಆಫ್’ಗೆ ಎರಡು ದಾರಿ: ‘ದಿ ಚೈಲ್ಡ್ ವಾಸ್ ಟೇಕನ್ ಗುಡ್ ಕೇರ್ ಆಫ್’, ‘ಗುಡ್ ಕೇರ್ ವಾಸ್ ಟೇಕನ್ ಆಫ್ ದಿ ಚೈಲ್ಡ್’. ಪರೀಕ್ಷೆಯಲ್ಲಿ ಎರಡನೆಯದನ್ನು ಬರೆದರೆ ನೆಮ್ಮದಿ.

‘ಇಫ್’ ಸೇರಿದಾಗ

ಇಲ್ಲಿ ಎರಡು ಕಷ್ಟ ಒಟ್ಟಿಗೆ ಬರುತ್ತವೆ. ಮೊದಲನೆಯದು ನಮ್ಮ ‘-ಇದ್ದರೆ’. ಮಂಡ್ಯ ಕಡೆಯ ಒಂದು ಮಾತು ತೆಗೆದುಕೊಳ್ಳಿ: ‘ತೂಬು ಸರಿಯಾಗಿ ನೋಡಿಕೊಂಡಿದ್ದರೆ ನಾಲೆಯ ಕೊನೆ ಭಾಗಕ್ಕೂ ನೀರು ಬರುತ್ತಿತ್ತು.’ ಇದು ಹೋದ ಬೆಳೆಯ ಮಾತೋ, ಈಗಲೂ ನಡೆಯುತ್ತಿರುವ ಪಾಡಿನ ಮಾತೋ? ಕನ್ನಡದಲ್ಲಿ ಎರಡಕ್ಕೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಒಂದನ್ನು ಆರಿಸಲೇಬೇಕು.

ಇನ್ನೂ ಆಗಬಹುದು: ‘ಇಫ್ ದಿ ಸ್ಲೂಸ್ ಈಸ್ ಲುಕ್ಡ್ ಆಫ್ಟರ್, ವಾಟರ್ ವಿಲ್ ರೀಚ್ ದಿ ಟೇಲ್ ಎಂಡ್.’
ಈಗ ಆಗುತ್ತಿಲ್ಲ, ಬರೀ ಊಹೆ: ‘ಇಫ್ ದಿ ಸ್ಲೂಸ್ ವರ್ ಲುಕ್ಡ್ ಆಫ್ಟರ್, ವಾಟರ್ ವುಡ್ ರೀಚ್ ದಿ ಟೇಲ್ ಎಂಡ್.’
ಮುಗಿದುಹೋಯಿತು: ‘ಇಫ್ ದಿ ಸ್ಲೂಸ್ ಹ್ಯಾಡ್ ಬೀನ್ ಲುಕ್ಡ್ ಆಫ್ಟರ್, ವಾಟರ್ ವುಡ್ ಹ್ಯಾವ್ ರೀಚ್ಡ್ ದಿ ಟೇಲ್ ಎಂಡ್.’

ಮೂರರ ‘ಇಫ್’ ಭಾಗದಲ್ಲೂ ಬದಲಾದದ್ದು ‘ಲುಕ್ಡ್’ಗೆ ಮೊದಲಿನದು ಮಾತ್ರ: ‘ಈಸ್’, ‘ವರ್’, ‘ಹ್ಯಾಡ್ ಬೀನ್’. ‘ಲುಕ್ಡ್ ಆಫ್ಟರ್’ ಮೂರು ಕಡೆಯೂ ಕದಲಿಲ್ಲ. ಅದಕ್ಕೇ ಬರೆಯುವಾಗ ‘ಲುಕ್ಡ್ ಆಫ್ಟರ್’ ಅನ್ನು ಮೊದಲು ಬರೆದಿಟ್ಟು, ಆಮೇಲೆ ಅದರ ಎಡಕ್ಕೆ ಕಾಲ ತುಂಬಿ. ಎಡದಿಂದ ಬರೆಯುತ್ತ ಬಂದರೆ ಗಮನವೆಲ್ಲ ‘ಹ್ಯಾಡ್ ಬೀನ್’ಗೇ ಖರ್ಚಾಗಿ, ‘ಲುಕ್ಡ್’ ಬರೆದೊಡನೆ ಕೈ ಅಲ್ಪವಿರಾಮ ಹಾಕಿಬಿಡುತ್ತದೆ. ‘ಇಫ್’ ಭಾಗದಲ್ಲಿ ‘ವಿಲ್’, ‘ವುಡ್ ಹ್ಯಾವ್’ ಬೇಡ ಅನ್ನುವುದು ಗೊತ್ತೇ ಇದೆ.

ಎರಡನೇ ಕಷ್ಟ ಆ ಅಲ್ಪವಿರಾಮದ್ದೇ. ಬಾಲ ಅದಕ್ಕೆ ಮೊದಲು ಇರಬೇಕು. ಬಾಲದ ಹಿಂದೆಯೇ ಕಾಲ, ಗಡುವು ಹೇಳುವ ಮಾತು ಬಂದರೆ ಮತ್ತೆ ಎರಡು ಪ್ರೆಪೊಸಿಷನ್ ಡಿಕ್ಕಿ ಹೊಡೆಯುತ್ತವೆ: ‘ಇಫ್ ದಿ ಡಾಕ್ಟರ್ ಹ್ಯಾಡ್ ಬೀನ್ ಸೆಂಟ್ ಫಾರ್ ಇನ್ ಟೈಮ್, ಶಿ ವುಡ್ ಹ್ಯಾವ್ ಬೀನ್ ಸೇವ್ಡ್.’ ‘ಫಾರ್ ಇನ್’ ನೋಡಿ ಗಾಬರಿ ಬೇಡ. ‘ಫಾರ್’ ‘ಸೆಂಟ್’ನ ಬಾಲ, ‘ಇನ್’ ‘ಟೈಮ್’ನ ಜೊತೆಗಾರ, ಒಂದಕ್ಕೊಂದು ಸಂಬಂಧವಿಲ್ಲ. ‘ಇಫ್’ ತೆಗೆದು ‘ಹ್ಯಾಡ್’ ಮುಂದಕ್ಕೆ ತಂದರೂ ಅಷ್ಟೇ: ‘ಹ್ಯಾಡ್ ದಿ ಡಾಕ್ಟರ್ ಬೀನ್ ಸೆಂಟ್ ಫಾರ್ ಇನ್ ಟೈಮ್...’

ಕಚೇರಿ ಪತ್ರಗಳಲ್ಲಿ ಕರ್ತೃ, ‘ಆರ್’ ಎರಡನ್ನೂ ನುಂಗಿದ ರೂಪ ಸಿಗುತ್ತದೆ: ‘ಕಂಪ್ಲೇಂಟ್ಸ್, ಇಫ್ ನಾಟ್ ಅಟೆಂಡೆಡ್ ಟು ವಿದಿನ್ ಸೆವೆನ್ ಡೇಸ್, ಮೇ ಬಿ ರೆಫರ್ಡ್ ಟು ದಿ ತಹಸೀಲ್ದಾರ್.’ ಎರಡು ‘ಟು’ ಒಂದೇ ಜಾತಿಯವಲ್ಲ. ಮೊದಲನೆಯದು ‘ಅಟೆಂಡ್ ಟು’ವಿನ ಬಾಲ, ಅದರ ನಾಮಪದ ಮುಂದಕ್ಕೆ ಹೋಗಿದೆ. ಅದನ್ನು ತೆಗೆದರೆ ದೂರುಗಳು ಮದುವೆಮನೆಯಂತೆ ‘ಹಾಜರಾಗುವ’ ಜಾಗವಾಗಿಬಿಡುತ್ತವೆ. ಎರಡನೆಯ ‘ಟು’ವಿನ ನಾಮಪದ, ತಹಸೀಲ್ದಾರರು, ಪಕ್ಕದಲ್ಲೇ ಕೂತಿದ್ದಾರೆ.

ಮೂರು ವಾಕ್ಯ, ಕೈಯಿಂದ ಬರೆದು ನೋಡಿ

1. ‘ನೋಬಡಿ ಹ್ಯಾಸ್ ಸ್ಲೆಪ್ಟ್ ಇನ್ ದಿಸ್ ಬೆಡ್’, ಪ್ಯಾಸಿವ್ ಮಾಡಿ.
2. ಬಿತ್ತನೆ ಬೀಜಕ್ಕೆ ಮುಂಗಡವಾಗಿ ಹಣ ಕಟ್ಟಿದ್ದರೆ ಸೋಮವಾರವೇ ತಲುಪಿರುತ್ತಿತ್ತು. ಎರಡೂ ಭಾಗ ಪ್ಯಾಸಿವ್‌ನಲ್ಲಿ.
3. ‘ಅನ್‌ಲೆಸ್ ಸಮ್‌ವನ್ ಲುಕ್ಸ್ ಇಂಟು ದಿಸ್ ಕಂಪ್ಲೇಂಟ್, ದಿ ಬ್ಯಾಂಕ್ ವಿಲ್ ಗಿವ್ ವೇ’, ಮೊದಲ ಭಾಗ ಮಾತ್ರ ಪ್ಯಾಸಿವ್. (‘ಬ್ಯಾಂಕ್’ ಅಂದರೆ ಇಲ್ಲಿ ನಾಲೆಯ ಏರಿ, ಹಣದ ಬ್ಯಾಂಕ್ ಅಲ್ಲ.)

ಉತ್ತರ: ‘ದಿಸ್ ಬೆಡ್ ಹ್ಯಾಸ್ ನಾಟ್ ಬೀನ್ ಸ್ಲೆಪ್ಟ್ ಇನ್.’ ‘ನೋಬಡಿ’ ಹೋಗಿ ‘ನಾಟ್’ ಬಂತು, ‘ಬೈ ನೋಬಡಿ’ ಬರೆಯಬೇಡಿ. ಎರಡನೆಯದು ‘ಇಫ್ ದಿ ಸೀಡ್ಸ್ ಹ್ಯಾಡ್ ಬೀನ್ ಪೇಯ್ಡ್ ಫಾರ್ ಇನ್ ಅಡ್ವಾನ್ಸ್, ದೇ ವುಡ್ ಹ್ಯಾವ್ ಬೀನ್ ಡೆಲಿವರ್ಡ್ ಆನ್ ಮಂಡೇ.’ ‘ಫಾರ್’ ಬಿಟ್ಟರೆ ಬೀಜಕ್ಕೇ ಸಂಬಳ ಕೊಟ್ಟಂತೆ. ಮೂರನೆಯದು ‘ಅನ್‌ಲೆಸ್ ದಿಸ್ ಕಂಪ್ಲೇಂಟ್ ಈಸ್ ಲುಕ್ಡ್ ಇಂಟು’. ‘ಅನ್‌ಲೆಸ್’ ಒಳಗೇ ‘ಇಲ್ಲದಿದ್ದರೆ’ ಇದೆ, ಇನ್ನೊಂದು ‘ನಾಟ್’ ಸೇರಿಸಿದರೆ ದೂರು ವಿಚಾರಿಸಿದ್ದಕ್ಕೇ ಏರಿ ಒಡೆಯಿತು ಎಂದಾಗುತ್ತದೆ.