ನೇಪಾಳಕ್ಕೆ ಬೇಕಿರುವುದು ಪೂರ್ಣ ಬಹುಮತದ ಸರ್ಕಾರ ಅಲ್ವಾ?

ಓದುಗರ ಪ್ರಶ್ನೆ: "ಸರ್, ನೇಪಾಳದಲ್ಲಿ ವರ್ಷಕ್ಕೊಬ್ಬ ಪ್ರಧಾನಿ ಬರುತ್ತಾರೆ. ಅಂತರ್ಯುದ್ಧ ಮುಗಿದು ಇಷ್ಟು ವರ್ಷವಾದರೂ ಸಮ್ಮಿಶ್ರ ಸರ್ಕಾರಗಳ ಕಚ್ಚಾಟ ನಿಂತಿಲ್ಲ. ಒಂದೇ ಪಕ್ಷಕ್ಕೆ ಪೂರ್ಣ ಬಹುಮತ ಸಿಕ್ಕಿದ್ದರೆ ಆ ದೇಶ ಉದ್ಧಾರ ಆಗುತ್ತಿರಲಿಲ್ಲವೇ?"

ಈ ಪ್ರಶ್ನೆ ನನಗೆ ಹಳೇ ನೆಂಟ. ಕಾಠ್ಮಂಡುವಿನಲ್ಲಿ ಸರ್ಕಾರ ಬಿದ್ದಾಗಲೆಲ್ಲ ಬಂದೇ ಬರುತ್ತದೆ. ಅಲ್ಲಿ ಸರ್ಕಾರ ಎಷ್ಟು ಸಲ ಬೀಳುತ್ತದೆ ಅಂತ ನಿಮಗೇ ಗೊತ್ತು. ಪ್ರತಿ ಸಲ ನಾಲ್ಕು ಸಾಲು ಬರೆದು ಸುಮ್ಮನಾಗುತ್ತಿದ್ದೆ. ಈ ಸಲ ಉದ್ದಕ್ಕೆ ಬರೆದುಬಿಡುತ್ತೇನೆ. ಮುಂದೆ ಯಾರೇ ಕೇಳಲಿ, ಇದನ್ನೇ ಕಳಿಸಿ ಕೈತೊಳೆದುಕೊಳ್ಳುತ್ತೇನೆ.

ಸಮ್ಮಿಶ್ರ ಸರ್ಕಾರ ಅಂದರೆ ಏನು ಅಂತ ನಮ್ಮವರಿಗೆ ಪಾಠ ಬೇಕಿಲ್ಲ. ವಿಶ್ವಾಸಮತ, ರಾಜಭವನದ ಗೇಟು, ರೆಸಾರ್ಟಿನ ಈಜುಕೊಳ ಎಲ್ಲ ನೋಡಿ ದಣಿದವರು ನಾವು. 2022ರಲ್ಲಿ 32 ಸೀಟಿನ ಮಾವೋವಾದಿ ಪಕ್ಷದ ನಾಯಕ ಪ್ರಚಂಡ ನೇಪಾಳದ ಪ್ರಧಾನಿಯಾದಾಗ ಒಬ್ಬರು ಫೋನ್ ಮಾಡಿ ನಕ್ಕರು. "ಸ್ವಾಮಿ, 2018ರಲ್ಲಿ 37 ಸೀಟಿನ ಪಕ್ಷದವರು ನಮ್ಮ ಮುಖ್ಯಮಂತ್ರಿ ಆಗಿರಲಿಲ್ವಾ?" ಅಂದೆ. ಆ ಕಡೆ ನಗು ನಿಂತಿತು.

ಈಗ ಉತ್ತರ. ಇಲ್ಲ, ಉದ್ಧಾರ ಆಗುತ್ತಿರಲಿಲ್ಲ. ಇದು ನನ್ನ ಊಹೆ ಅಲ್ಲ. ನೇಪಾಳದಲ್ಲಿ ಪೂರ್ಣ ಬಹುಮತ ಬಂದಿತ್ತು, ಒಂದಲ್ಲ ನಾಲ್ಕು ಸಲ. 2025ರ ತನಕದ ಲೆಕ್ಕ ಹೇಳುತ್ತಿದ್ದೇನೆ, ಒಂದೊಂದಾಗಿ ನೋಡಿ.

ಮೊದಲನೆಯದು 1959. ಆ ದೇಶದ ಮೊದಲ ಸಾರ್ವತ್ರಿಕ ಚುನಾವಣೆ. 109ರಲ್ಲಿ 74 ಸೀಟು ನೇಪಾಳಿ ಕಾಂಗ್ರೆಸ್ಸಿಗೆ ಬಂತು, ಬಿ.ಪಿ. ಕೊಯಿರಾಲಾ ಪ್ರಧಾನಿಯಾದರು. 1960ರ ಡಿಸೆಂಬರ್‌ನಲ್ಲಿ ರಾಜ ಮಹೇಂದ್ರ ಸರ್ಕಾರವನ್ನೇ ವಜಾ ಮಾಡಿ ಪ್ರಧಾನಿಯನ್ನು ಜೈಲಿಗೆ ಕಳಿಸಿದರು. ಸರಿ, ಇದು ರಾಜನ ತಪ್ಪು ಅನ್ನೋಣ, ಪಕ್ಕಕ್ಕಿಡೋಣ.

ಎರಡನೆಯದು 1991. 205ರಲ್ಲಿ 110 ಸೀಟು, ಮತ್ತೆ ನೇಪಾಳಿ ಕಾಂಗ್ರೆಸ್ಸಿಗೆ. ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲಾ. ಈ ಸಲ ರಾಜ ಅಡ್ಡ ಬರಲಿಲ್ಲ, ವಿರೋಧ ಪಕ್ಷವೂ ಬೀಳಿಸಲಿಲ್ಲ. 1994ರಲ್ಲಿ ಸರ್ಕಾರದ ನೀತಿ-ಕಾರ್ಯಕ್ರಮದ ಮೇಲೆ ಮತಕ್ಕೆ ಹಾಕಿದ ದಿನ ಕೊಯಿರಾಲಾ ಪಕ್ಷದವರೇ ಆದ 36 ಸಂಸದರು ಸದನಕ್ಕೆ ಬರಲಿಲ್ಲ. ಅಷ್ಟೇ. ಸರ್ಕಾರ ಸೋತಿತು, ಕೊಯಿರಾಲಾ ಸಂಸತ್ತನ್ನೇ ವಿಸರ್ಜಿಸಿದರು. ಅಂದಿನಿಂದ ಆ ಎರಡು ಬಣಗಳಿಗೆ 'ಛತ್ತೀಸೆ', 'ಚೌಹತ್ತರೆ' ಅಂತಲೇ ಹೆಸರು. ಅಂದರೆ ಮೂವತ್ತಾರರವರು, ಎಪ್ಪತ್ತನಾಲ್ಕರವರು. ಕೂಡಿ ನೋಡಿ, 110 ಬರುತ್ತದೆ. ಬಹುಮತ ಎಲ್ಲಿ ಹೋಯಿತು ಅಂತ ಹುಡುಕುವುದೇ ಬೇಡ, ಆ ಎರಡು ಅಡ್ಡಹೆಸರುಗಳಲ್ಲೇ ಕೂತಿದೆ.

ಮೂರನೆಯದು 1999. 205ರಲ್ಲಿ 111 ಸೀಟು, ಅದೇ ಪಕ್ಷ. ಆಗ ಮಾವೋವಾದಿ ಯುದ್ಧ ಶುರುವಾಗಿ ಮೂರು ವರ್ಷ ದಾಟಿತ್ತು. ಗಟ್ಟಿ ಸರ್ಕಾರ ಬೇಕು ಅಂದರೆ ಆಗಲೇ ಬೇಕಿತ್ತು, ಅಲ್ವಾ? ಮೂರು ವರ್ಷದಲ್ಲಿ ಮೂವರು ಪ್ರಧಾನಿಗಳಾದರು. ಕೃಷ್ಣ ಪ್ರಸಾದ್ ಭಟ್ಟರಾಯ್, ಗಿರಿಜಾ ಪ್ರಸಾದ್ ಕೊಯಿರಾಲಾ, ಶೇರ್ ಬಹಾದುರ್ ದೇವುಬಾ. ಮೂವರೂ ಒಂದೇ ಪಕ್ಷದವರು. 2002ರಲ್ಲಿ ಸಂಸತ್ತು ವಿಸರ್ಜನೆ ಆಯಿತು, ಪಕ್ಷ ಎರಡು ಹೋಳಾಯಿತು, ಯುದ್ಧ ಮಾತ್ರ ಹಳ್ಳಿಯಿಂದ ಹಳ್ಳಿಗೆ ಹಬ್ಬುತ್ತಲೇ ಇತ್ತು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಹೊಸ ಸಂವಿಧಾನ ಬಂದ ಮೇಲೆ 2017ರಲ್ಲಿ ಚುನಾವಣೆ ನಡೆಯಿತು. ಕೆ.ಪಿ. ಶರ್ಮಾ ಓಲಿಯವರ ಎಮಾಲೆ ಎಂಬ ಕಮ್ಯುನಿಸ್ಟ್ ಪಕ್ಷಕ್ಕೆ 121, ಪ್ರಚಂಡರ ಮಾವೋವಾದಿಗಳಿಗೆ 53 ಸೀಟು. ಇಬ್ಬರೂ ಜೊತೆಯಾಗಿ ಗೆದ್ದು, 2018ರ ಮೇನಲ್ಲಿ ಪಕ್ಷಗಳನ್ನೇ ಬೆರೆಸಿ ನೇಪಾಳ ಕಮ್ಯುನಿಸ್ಟ್ ಪಕ್ಷ ಕಟ್ಟಿದರು. 275ರಲ್ಲಿ 174, ಹತ್ತಿರ ಹತ್ತಿರ ಮೂರನೇ ಎರಡು ಭಾಗ. "ಇನ್ನು ಐದು ವರ್ಷ ಚಿಂತೆಯಿಲ್ಲ" ಅಂತ ಆಗ ನನಗೂ ಅನ್ನಿಸಿತ್ತು, ಒಪ್ಪಿಕೊಳ್ಳುತ್ತೇನೆ. ಆದರೆ ಒಂದು ಬಸ್ಸಿಗೆ ಇಬ್ಬರು ಡ್ರೈವರ್ ಆದರು. 2020ರ ಡಿಸೆಂಬರ್ 20ಕ್ಕೆ ಓಲಿ ಸಂಸತ್ತು ವಿಸರ್ಜಿಸಿದರು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಜೀವಕ್ಕೆ ತಂದಿತು. ಮಾರ್ಚ್ 7ಕ್ಕೆ ಅದೇ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು: ನೇಪಾಳ ಕಮ್ಯುನಿಸ್ಟ್ ಪಕ್ಷ ಎಂಬ ಹೆಸರು ಬೇರೆಯವರ ಹೆಸರಿನಲ್ಲಿ ಮೊದಲೇ ನೋಂದಣಿ ಆಗಿದೆ, ಆದ್ದರಿಂದ ನಿಮ್ಮ ವಿಲೀನವೇ ರದ್ದು! ದೇಶದ ಅತಿದೊಡ್ಡ ಪಕ್ಷ ಬೋರ್ಡಿನ ಹೆಸರಿನ ತಕರಾರಿನಲ್ಲಿ ಒಂದೇ ದಿನಕ್ಕೆ ಮಾಯ. ಮೇನಲ್ಲಿ ಓಲಿ ಮತ್ತೆ ವಿಸರ್ಜಿಸಿದರು, ಜುಲೈನಲ್ಲಿ ಕೋರ್ಟು ಮತ್ತೆ ಎಬ್ಬಿಸಿ, ದೇವುಬಾರನ್ನು ಪ್ರಧಾನಿ ಮಾಡಿ ಅಂತ ಆದೇಶಿಸಿತು.

ನಾಲ್ಕಕ್ಕೆ ನಾಲ್ಕೂ ಐದು ವರ್ಷ ಮುಟ್ಟಲಿಲ್ಲ. ಕೊನೆಯ ಮೂರನ್ನು ಕೆಡವಿದ್ದು ಅವರವರ ಮನೆಯವರೇ. ಇಷ್ಟು ಹೇಳಿದ ಮೇಲೂ "ಆದರೂ ಸರ್, ಬಹುಮತ ಇದ್ದಿದ್ದರೆ..." ಅನ್ನುವವರು ಇದ್ದಾರೆ. ಅವರಿಗೆ ಕೈಮುಗಿದೆ.

ಈಗ ಇನ್ನೊಂದು ಪಟ್ಟಿ ನೋಡಿ. 2006ರ ನವೆಂಬರ್ 21ಕ್ಕೆ ಮಾವೋವಾದಿಗಳ ಜೊತೆ ಶಾಂತಿ ಒಪ್ಪಂದ ಆಯಿತು. ಆಗ ಇದ್ದದ್ದು ಏಳು ಪಕ್ಷಗಳ ಕೂಟ. ಮಾವೋವಾದಿ ಸೈನ್ಯವನ್ನು ಶಿಬಿರಗಳಿಂದ ತೆರವು ಮಾಡುವ ಕೆಲಸ 2012ರಲ್ಲಿ ದಡ ಹತ್ತಿದ್ದು ಬಾಬುರಾಮ್ ಭಟ್ಟರಾಯ್ ಅವರ ಕಾಲದಲ್ಲಿ. ಅದು ಮಾವೋವಾದಿ ಮತ್ತು ಮಧೇಶಿ (ಭಾರತದ ಗಡಿಗೆ ಹೊಂದಿದ ತರಾಯಿ ಬಯಲಿನ ಜನರ) ಪಕ್ಷಗಳ ಕೂಟ. 2015ರ ಸೆಪ್ಟೆಂಬರ್ 20ಕ್ಕೆ ಸಂವಿಧಾನ ಜಾರಿಗೆ ಬಂದದ್ದು ಸುಶೀಲ್ ಕೊಯಿರಾಲಾ ಅವರ ಕೂಟದ ಕಾಲದಲ್ಲಿ. ದೊಡ್ಡ ಕೆಲಸಗಳು ಆದದ್ದೆಲ್ಲ ಈ 'ಕಚ್ಚಾಟ'ದ ಸರ್ಕಾರಗಳಲ್ಲೇ. ಸಂವಿಧಾನದ ಹೊತ್ತಿನಲ್ಲಿ ತರಾಯಿಯ ಮಧೇಶಿ ಪಕ್ಷಗಳನ್ನು ಹೊರಗೆ ಬಿಟ್ಟರು ನೋಡಿ, ಅದಕ್ಕೆ ಬೆಂಕಿಯಂಥ ಬೆಲೆ ತೆತ್ತರು. ಸಾವುಗಳಾದವು, ಗಡಿ ಬಂದ್ ಆಗಿ ತಿಂಗಳುಗಟ್ಟಲೆ ಗ್ಯಾಸು, ಪೆಟ್ರೋಲಿಗೆ ಪರದಾಡಿದರು. ಕೂಟ ದೊಡ್ಡದಾಯಿತು ಅಂತ ಅಲ್ಲ, ಚಿಕ್ಕದಾಯಿತು ಅಂತ ಬಂದ ಕಷ್ಟ ಅದು.

ಯುದ್ಧ ಮುಗಿದ ದೇಶದಲ್ಲಿ ಕೂಟ ಯಾಕೆ ಬೇಕು ಅನ್ನುವುದು 2008ರ ಅಂಕಿಗಳಲ್ಲೇ ಇದೆ. ಆ ಏಪ್ರಿಲ್‌ನ ಸಂವಿಧಾನ ಸಭೆ ಚುನಾವಣೆಯಲ್ಲಿ ನಮ್ಮಲ್ಲಿರುವಂಥ ನೇರ ಸ್ಪರ್ಧೆಯ ಸೀಟು 240. ಮಾವೋವಾದಿಗಳು ಗೆದ್ದದ್ದು 120, ಸರಿಯಾಗಿ ಅರ್ಧ. ಪಡೆದ ಮತ ಮಾತ್ರ ನೂರಕ್ಕೆ ಸುಮಾರು 30. ಉಳಿದ 335 ಸೀಟುಗಳನ್ನು ಪಕ್ಷಗಳ ಮತದ ಪ್ರಮಾಣಕ್ಕೆ ತಕ್ಕಂತೆ ಹಂಚಿದ್ದರಿಂದ 575ರಲ್ಲಿ 220ಕ್ಕೆ ನಿಂತರು. ಆ ಹಂಚಿಕೆ ಇಲ್ಲದಿದ್ದರೆ ಏನಾಗುತ್ತಿತ್ತು? ಎರಡು ವರ್ಷದ ಹಿಂದೆ ಕಾಡಿನಲ್ಲಿದ್ದವರು, ಸೈನ್ಯ ಇನ್ನೂ ತಮ್ಮದೇ ಕೈಯಲ್ಲಿದ್ದವರು, 30 ಮತದ ಬಲದಲ್ಲಿ ಸರ್ಕಾರದ ಕೇಂದ್ರ ಕಚೇರಿ ಸಿಂಹ ದರ್ಬಾರನ್ನು ಒಬ್ಬರೇ ಆಳುವ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದರು. ಉಳಿದ 70 ಮತದವರು, ಆ ಕಡೆಯ ರಾಷ್ಟ್ರೀಯ ಸೈನ್ಯ, ಕೈಕಟ್ಟಿ ಕೂರುತ್ತಿದ್ದರೇ?

ಕೂರುತ್ತಿರಲಿಲ್ಲ ಅನ್ನುವುದಕ್ಕೆ 2009ರ ಮೇ ಸಾಕ್ಷಿ. ಪ್ರಧಾನಿ ಪ್ರಚಂಡ ಸೇನಾ ಮುಖ್ಯಸ್ಥ ರುಕ್ಮಾಂಗದ ಕಟವಾಲ್ ಅವರನ್ನು ತೆಗೆದರು. ಎಮಾಲೆ ಕೂಟದಿಂದ ಹೊರನಡೆಯಿತು. ರಾಷ್ಟ್ರಪತಿ ರಾಮ್ ಬರನ್ ಯಾದವ್ "ನೀವು ಕೆಲಸದಲ್ಲಿ ಮುಂದುವರಿಯಿರಿ" ಅಂತ ಸೇನಾ ಮುಖ್ಯಸ್ಥರಿಗೆ ಪತ್ರ ಬರೆದರು. ಮರುದಿನ, ಮೇ 4ಕ್ಕೆ, ಪ್ರಚಂಡ ರಾಜೀನಾಮೆ ಕೊಟ್ಟರು. ಕೊಟ್ಟರು ಅನ್ನುವುದೇ ಮುಖ್ಯ. ಸರ್ಕಾರ ಬಿತ್ತು, ಯುದ್ಧ ಮತ್ತೆ ಶುರುವಾಗಲಿಲ್ಲ.

ಹಾಗಂತ ಕೂಟಗಳನ್ನು ಹೊಗಳಲು ಕೂತಿಲ್ಲ ನಾನು. ಪ್ರಚಂಡರ ನಂತರ ಬಂದ ಮಾಧವ್ ಕುಮಾರ್ ನೇಪಾಳ್ ಚುನಾವಣೆಯಲ್ಲಿ ಎರಡು ಕ್ಷೇತ್ರಗಳಲ್ಲಿ ನಿಂತು ಎರಡರಲ್ಲೂ ಸೋತವರು. ಅವರು 2010ರ ಜೂನ್ 30ಕ್ಕೆ ಇಳಿದ ಮೇಲೆ ಹೊಸ ಪ್ರಧಾನಿಯನ್ನು ಆರಿಸಲು ಸಂಸತ್ತು ಏಳು ತಿಂಗಳು ತೆಗೆದುಕೊಂಡಿತು. ಹದಿನಾರು ಸುತ್ತು ಮತದಾನ ಆದರೂ ಯಾರೂ ಗೆಲ್ಲಲಿಲ್ಲ. ಪ್ರಚಂಡ ಏಳು ಸುತ್ತಿನ ನಂತರ ಕಣದಿಂದ ಸರಿದರು. ಆಮೇಲೆ ರಾಮಚಂದ್ರ ಪೌಡೇಲ್ ಒಬ್ಬರೇ ಅಭ್ಯರ್ಥಿ. ಎದುರಿಗೆ ಯಾರೂ ಇಲ್ಲ, ಆದರೂ ಪ್ರತಿ ಸಲ ಸೋಲು! ಯಾಕೆಂದರೆ ಸದನದ ಅರ್ಧಕ್ಕಿಂತ ಜಾಸ್ತಿ ಮತ ಬೇಕು, ಉಳಿದವರು ತಟಸ್ಥ ಅಂತ ಕೂತುಬಿಡುತ್ತಿದ್ದರು. ನಡುವೆ ಬಜೆಟ್ ಮಂಡಿಸಲು ಬಂದ ಹಣಕಾಸು ಸಚಿವರ ಬ್ರೀಫ್‌ಕೇಸನ್ನು ಸದನದಲ್ಲೇ ಎಳೆದಾಡಿದರು. ಕೊನೆಗೆ ತಟಸ್ಥ ಕೂರುವ ಹಾಗಿಲ್ಲ ಅಂತ ನಿಯಮ ಬದಲಿಸಿದರು. ಹದಿನೇಳನೇ ಸುತ್ತಿಗೆ, 2011ರ ಫೆಬ್ರವರಿ 3ರಂದು, ಝಲನಾಥ ಖನಾಲ್ 368 ಮತ ಪಡೆದು ಗೆದ್ದರು. ಆರು ತಿಂಗಳಲ್ಲಿ ಅವರೂ ಇಳಿದರು, ಬಿಡಿ. ಒಂಟಿ ಕಣದಲ್ಲಿ ಸೋತ ಪೌಡೇಲ್ 2023ರಲ್ಲಿ ರಾಷ್ಟ್ರಪತಿಯೇ ಆದರು.

ನೇಪಾಳಿಯಲ್ಲಿ ಎರಡು ಪದಗಳಿವೆ. ಅವು ತಿಳಿದರೆ ರೋಗ ಎಲ್ಲಿದೆ ಅಂತ ಗೊತ್ತಾಗುತ್ತದೆ. ಒಂದು 'ಭಾಗಬಂಡಾ', ಅಂದರೆ ಹಂಚಿಕೊಂಡು ತಿನ್ನುವುದು. ಮಂತ್ರಿಗಿರಿ ಮಾತ್ರ ಅಲ್ಲ, ರಾಯಭಾರಿ ಹುದ್ದೆಯಿಂದ ಹಿಡಿದು ವಿಶ್ವವಿದ್ಯಾಲಯದ ಕುರ್ಚಿಯ ತನಕ. ಇನ್ನೊಂದು 'ಆಲೋಪಾಲೋ', ಸರದಿ ಮೇಲೆ ಅಧಿಕಾರ. ನಮ್ಮ ಕಡೆ ಇದಕ್ಕೆ 20-20 ಸರ್ಕಾರ ಅಂದರೆ ಸಾಕು, ವಿವರಣೆ ಬೇಡ. 2017ರಲ್ಲಿ ಪ್ರಚಂಡ ಮಾತಿಗೆ ತಕ್ಕಂತೆ ದೇವುಬಾಗೆ ಕುರ್ಚಿ ಬಿಟ್ಟುಕೊಟ್ಟರು. 2022ರ ಡಿಸೆಂಬರ್ 25ಕ್ಕೆ ಅದೇ ದೇವುಬಾ "ಮೊದಲ ಸರದಿ ನಿಮಗಿಲ್ಲ" ಅಂದರು. ರಾಷ್ಟ್ರಪತಿ ಕೊಟ್ಟ ಗಡುವು ಅಂದು ಸಂಜೆ 5 ಗಂಟೆ. ಚುನಾವಣೆಯಲ್ಲಿ ದೇವುಬಾ ಜೊತೆ ಮತ ಕೇಳಿದ್ದ ಪ್ರಚಂಡ, ಗಡುವು ಮುಗಿಯುವಷ್ಟರಲ್ಲಿ ಎದುರಾಳಿ ಓಲಿಯ ಬೆಂಬಲದಿಂದ ಪ್ರಧಾನಿಯಾಗುವ ದಾರಿ ಹಿಡಿದಿದ್ದರು. ಜನವರಿಯ ವಿಶ್ವಾಸಮತದಲ್ಲಿ ಹಾಜರಿದ್ದ 270 ಮಂದಿಯಲ್ಲಿ 268 ಮತ ಅವರಿಗೇ ಬಿತ್ತು. ವಿರೋಧ ಪಕ್ಷವೂ ಹಾಕಿತ್ತು, ನಾಳೆ ಬೇಕಾಗಬಹುದು ಅಂತ! ಬೇಕಾಯಿತು ಕೂಡ. 2024ರ ಜುಲೈ 12ರಂದು ಅದೇ ಪ್ರಚಂಡರಿಗೆ ಸಿಕ್ಕಿದ್ದು 63 ಮತ.

ಆಮೇಲೆ ಎರಡು ಅತಿದೊಡ್ಡ ಪಕ್ಷಗಳಾದ ಕಾಂಗ್ರೆಸ್, ಎಮಾಲೆ ಒಂದಾಗಿ ಓಲಿಯನ್ನು ಕೂರಿಸಿದವು. ಸಂಖ್ಯೆಗೆ ಏನೂ ಕೊರತೆ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಯುವಕರು ಬೀದಿಗಿಳಿದ ಎರಡನೇ ದಿನಕ್ಕೆ ಓಲಿ ರಾಜೀನಾಮೆ ಕೊಟ್ಟರು, ಸಿಂಹ ದರ್ಬಾರ್ ಹೊತ್ತಿ ಉರಿಯಿತು. ಸರದಿಯಲ್ಲಿ ಕೂರುವ ಓಲಿ, ದೇವುಬಾ, ಪ್ರಚಂಡ ಈ ಮೂವರ ಮುಖ ನೋಡಿ ನೋಡಿ ಜನ ರೋಸಿಹೋಗಿದ್ದರು. ನಮ್ಮ ಬೀದಿಯಲ್ಲಿ ಮೊಮೊ ಮಾಡುವ ಅಛಾಮ್ ಜಿಲ್ಲೆಯ ಹುಡುಗನನ್ನು ಆ ವಾರ ಕೇಳಿದೆ. "ಅಂಕಲ್, ನಾನು ಹುಟ್ಟಿದಾಗಿಂದ ಅದೇ ಮೂವರು" ಅಂದ. ಹಬೆಯ ಮುಚ್ಚಳ ಎತ್ತಿ ನನ್ನ ಪ್ಲೇಟು ತುಂಬಿದ, ಅಷ್ಟೇ ಅವನ ರಾಜಕೀಯ ವಿಶ್ಲೇಷಣೆ.

ಇಷ್ಟೆಲ್ಲ ಕೇಳುವ ನೀವು ಒಂದು ಪ್ರಶ್ನೆ ಮಾತ್ರ ಯಾವತ್ತೂ ಕೇಳಿಲ್ಲ. ಆ ಬಂದೂಕುಗಳು ಏನಾದವು? ನನ್ನ ಪ್ರಕಾರ ಇದೇ ಅಸಲಿ ಪ್ರಶ್ನೆ. ಕೂಟ ಮುರಿದಾಗಲೆಲ್ಲ ಯುದ್ಧ ಮರಳಲಿಲ್ಲ ಯಾಕೆ ಅಂದರೆ, ಬಂದೂಕುಗಳು ಕಂಟೇನರ್‌ನಲ್ಲಿದ್ದವು. ಮಾವೋವಾದಿಗಳ ಏಳು ಮುಖ್ಯ ಶಿಬಿರಗಳಲ್ಲಿ ಕಂಟೇನರ್ ಇಟ್ಟು ಸುಮಾರು 3,475 ಆಯುಧಗಳನ್ನು ಬೀಗ ಹಾಕಿದರು. ವಿಶ್ವಸಂಸ್ಥೆಯವರ ಕಾವಲು. ಬೀಗದ ಕೈ ಮಾತ್ರ ಮಾವೋವಾದಿಗಳ ಹತ್ತಿರವೇ! ಅಷ್ಟೇ ಸಂಖ್ಯೆಯ ಆಯುಧಗಳನ್ನು ನೇಪಾಳ ಸೈನ್ಯವೂ ಬೀಗ ಹಾಕಿ ಇಡಬೇಕು ಅಂತ ಒಪ್ಪಂದ. ಯಾರೂ ಶರಣಾಗಲಿಲ್ಲ, ಯಾರೂ ಸೋಲಲಿಲ್ಲ. ಮರ್ಯಾದೆ ಉಳಿಸಿ ಕೈ ಖಾಲಿ ಮಾಡಿಸುವ ಉಪಾಯ ಅದು. ಯಾರದ್ದೋ ತಲೆಗೆ ಹೊಳೆದದ್ದು, ನನಗಂತೂ ಭಾರೀ ಮೆಚ್ಚುಗೆ.

ವಿಶ್ವಸಂಸ್ಥೆ ಪರಿಶೀಲಿಸಿ ಯೋಧರು ಅಂತ ಒಪ್ಪಿದ್ದು 19,602 ಮಂದಿಯನ್ನು. ಐದಾರು ವರ್ಷ ಶಿಬಿರದಲ್ಲಿ ಕಾದ ಮೇಲೆ ಅವರಲ್ಲಿ ಹೆಚ್ಚಿನವರು 5ರಿಂದ 8 ಲಕ್ಷ ನೇಪಾಳಿ ರೂಪಾಯಿ ತೆಗೆದುಕೊಂಡು ಊರಿಗೆ ಹೋದರು. ಸೈನ್ಯ ಸೇರಿದವರು ಸುಮಾರು 1,400. ಇನ್ನೂ 4,008 ಮಂದಿ ಇದ್ದರು. 2006ರ ಕದನವಿರಾಮದ ಹೊತ್ತಿಗೆ ವಯಸ್ಸು 18 ಆಗಿರದ ಮಕ್ಕಳು, ಅದರ ನಂತರ ಬಂದವರು. ಅವರನ್ನು 2010ರ ಆರಂಭದಲ್ಲಿ ಶಿಬಿರದಿಂದ ಕಳಿಸಿದರು. ಆ ಲಕ್ಷಗಳ ಗಂಟು ಅವರ ಪಾಲಿಗೆ ಬರಲಿಲ್ಲ. ಪಟ್ಟಿಯಲ್ಲಿ ಅವರ ಮುಂದೆ ಬಿದ್ದ ಪದ 'ಅಯೋಗ್ಯ'. ನೇಪಾಳಿ ಸರ್ಕಾರಿ ಭಾಷೆಯಲ್ಲಿ ಅದಕ್ಕೆ ಅನರ್ಹ ಅಂತ ಮಾತ್ರ ಅರ್ಥ. ಆದರೆ ಹದಿನಾಲ್ಕರ ವಯಸ್ಸಿಗೆ ಪುಸ್ತಕ ಬಿಟ್ಟು ಬಂದೂಕು ಹಿಡಿದಿದ್ದ ಹುಡುಗಿ ಆ ಪದ ಹೊತ್ತು ಊರಿಗೆ ಮರಳಿದಾಗ ಅವಳ ಕಿವಿಗೆ ಹೇಗೆ ಕೇಳಿಸಿತು ಅಂತ ಕನ್ನಡದವರಿಗೆ ಯಾರೂ ಅನುವಾದ ಮಾಡಿ ಹೇಳಬೇಕಿಲ್ಲ.