ಗಾಜಿನ ತಟ್ಟೆಯ ಮೇಲೆ 1876: ಅದು ಹುಟ್ಟಿದ ವರ್ಷವೇ?

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಸೋದರತ್ತೆ ದಸರಾಗೆ ಗೊಂಬೆ ಕೂರಿಸಿದಾಗ ಕೆಳಗಿನ ಮೆಟ್ಟಿಲಲ್ಲಿ ಒಂದು ಗಾಜಿನ ತಟ್ಟೆ ಇಡುತ್ತಾರೆ. ಮಧ್ಯದಲ್ಲಿ ಫಿಲಡೆಲ್ಫಿಯಾದ ಲಿಬರ್ಟಿ ಬೆಲ್, ಅಂದರೆ ಅಮೆರಿಕದ ಸ್ವಾತಂತ್ರ್ಯದ ಗುರುತಾದ ಗಂಟೆ. ಜೊತೆಗೆ 1776, 1876 ಎಂಬ ಎರಡು ಇಸವಿ. ಅಮೆರಿಕದಲ್ಲಿರುವ ಮಗ ತಂದುಕೊಟ್ಟದ್ದು. ಗೊಂಬೆ ನೋಡಲು ಬಂದವರು "ಇಷ್ಟು ಹಳೇದಾ?" ಎಂದು ಕೇಳದೆ ಹೋಗುವುದಿಲ್ಲ.

ಇಂಥ ತಟ್ಟೆಗಳ ಕಥೆ ಶುರುವಾಗುವುದು ಚಹಾದಿಂದ. ನಾವು ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಸುರಿದು ಆರಿಸುತ್ತೇವೆ ಅಲ್ವಾ? ಇನ್ನೂರು ವರ್ಷದ ಹಿಂದೆ ಅಮೆರಿಕದಲ್ಲೂ ಚಹಾವನ್ನು ಸಾಸರಿಗೆ ಬಗ್ಗಿಸಿ ಕುಡಿಯುತ್ತಿದ್ದರು. ಆಗ ಒದ್ದೆ ಕಪ್ಪನ್ನು ಎಲ್ಲಿಡುವುದು? ಮೇಜಿನ ಬಟ್ಟೆ ಕಲೆಯಾಗದಿರಲೆಂದು ಅಂಗೈಯಗಲದ 'ಕಪ್ ಪ್ಲೇಟ್' ಬಂತು. 1820ರ ದಶಕದಲ್ಲಿ ಗಾಜು ಒತ್ತುವ ಯಂತ್ರವೂ ಬಂತು. ಕರಗಿದ ಗಾಜನ್ನು ಲೋಹದ ಅಚ್ಚಿಗೆ ಹಾಕಿ, ಸನ್ನೆ ಎಳೆದು ಒತ್ತಿದರೆ ತಟ್ಟೆ ಸಿದ್ಧ. ಮ್ಯಾಸಚೂಸೆಟ್ಸ್‌ನ ಸ್ಯಾಂಡ್‌ವಿಚ್ ಊರಿನ ಕಾರ್ಖಾನೆ ಇದಕ್ಕೆ ಹೆಸರಾಯಿತು.

ಆದರೆ ತಣ್ಣನೆಯ ಅಚ್ಚು ತಾಗಿದೊಡನೆ ಬಿಸಿ ಗಾಜು ಸುಕ್ಕುಗಟ್ಟಿ ಮಂಕಾಗುತ್ತಿತ್ತು. ಅದನ್ನು ಮರೆಮಾಡಲು ಕುಶಲಕರ್ಮಿಗಳು ಅಚ್ಚಿನ ತುಂಬ ಸಣ್ಣ ಸಣ್ಣ ಚುಕ್ಕಿ ಕೊರೆದರು. ತಟ್ಟೆ ಲೇಸ್ ಬಟ್ಟೆಯಂತೆ ಹೊಳೆಯಿತು. ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇದೇ. ಆ ಚುಕ್ಕಿಗಳ ನಡುವೆ ಹಡಗು ಬಂತು, ಸ್ವಾತಂತ್ರ್ಯ ಯುದ್ಧದ ನೆನಪಿನ ಬಂಕರ್ ಹಿಲ್ ಸ್ಮಾರಕವೂ ಬಂತು.

1876ರಲ್ಲಿ ಅಮೆರಿಕದ ಸ್ವಾತಂತ್ರ್ಯಕ್ಕೆ ನೂರು ತುಂಬಿತು. ಫಿಲಡೆಲ್ಫಿಯಾದ ವಸ್ತುಪ್ರದರ್ಶನಕ್ಕೆ ಸುಮಾರು 1 ಕೋಟಿ ಜನ ಬಂದರು. ಗಿಲಿಂಡರ್ ಕಂಪನಿ ಪ್ರದರ್ಶನದ ಮೈದಾನದಲ್ಲೇ ಗಾಜಿನ ಕಾರ್ಖಾನೆ ಹಾಕಿತು. ಜನ ಕಣ್ಣೆದುರೇ ತಯಾರಾದ ಗಾಜಿನ ಸಾಮಾನನ್ನು ಕೊಂಡು ಊರಿಗೆ ಒಯ್ದರು. ನಮ್ಮ ಮೈಸೂರಿನ ದಸರಾ ವಸ್ತುಪ್ರದರ್ಶನ ಶುರುವಾದದ್ದು ಇದಾದ ನಾಲ್ಕೇ ವರ್ಷಕ್ಕೆ, 1880ರಲ್ಲಿ.

ತೊಡಕು ಇರುವುದು ಅಚ್ಚಿನಲ್ಲಿ. ಅಚ್ಚು ಉಳಿದಿದ್ದರೆ ಎಷ್ಟು ವರ್ಷವಾದ ಮೇಲೂ ಒತ್ತಬಹುದು. ಇಲ್ಲದಿದ್ದರೆ ಹಳೆಯ ತಟ್ಟೆ ನೋಡಿ ಹೊಸ ಅಚ್ಚು ಮಾಡಬಹುದು. 1976ರ ಇನ್ನೂರನೇ ವರ್ಷಕ್ಕೆ ಗಂಟೆಯ ತಟ್ಟೆಗಳು ಮತ್ತೆ ಬಂದವು. ಹಾಗಾಗಿ ಇಸವಿ ಓದಿ ವಯಸ್ಸು ಹೇಳಲಾಗದು. ಉಗುರಿನಿಂದ ತಟ್ಟಿ ನೋಡುವುದೂ ಸಾಲದು. ಹಳೆಯ ಕಪ್ ಪ್ಲೇಟುಗಳಲ್ಲಿ ಸೀಸ ಇರುತ್ತಿತ್ತು, ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. 1864ರ ನಂತರ ಸೀಸವಿಲ್ಲದ ಅಗ್ಗದ ಗಾಜು ಹರಡಿತು. ಅದು ಹಳೆಯದಾದರೂ ಹಾಗೆ ಹಾಡುವುದಿಲ್ಲ. ತಳ ನೋಡಬೇಕು. ದಶಕಗಟ್ಟಲೆ ಬಳಸಿದ ತಟ್ಟೆಯಲ್ಲಿ ಗೀರುಗಳು ಅಡ್ಡಾದಿಡ್ಡಿ ಇರುತ್ತವೆ. ಬೇಕೆಂದೇ ಉಜ್ಜಿದ್ದಾದರೆ ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿರುತ್ತವೆ.

ಅತ್ತೆಯ ತಟ್ಟೆ ತಿರುಗಿಸಿದೆ. ಗೀರೇ ಇಲ್ಲ ಅನ್ನಬೇಕು.

"ಬಹುಶಃ 1976ರದ್ದು ಅತ್ತೆ" ಎಂದೆ.

"ಹಾಗಾದ್ರೆ ನನ್ನ ಮದುವೆ ವರ್ಷದ್ದು ಕಣೋ" ಎಂದು ಅವರು ಅದನ್ನು ಪಟ್ಟದ ಗೊಂಬೆಗಳ ಪಕ್ಕಕ್ಕೆ ಎತ್ತಿಟ್ಟರು.